ಅಣಶಿ ಘಾಟಿನಲ್ಲಿ ಕೆಂಪು ಗಾಡಿಯ ಮೋಟಾರು

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದ ಒಂದು ಜನವರಿ. ಎಲೆಕ್ಟ್ರಿಕ್ ಸ್ಪೋರ್ಟ್ಸ್ ಕಾರು ತಯಾರಿಸಲು ಹೊರಟಿದ್ದ ಒಂದು ಸಣ್ಣ ಕಂಪನಿಯಲ್ಲಿ ನಾನು ಮೋಟಾರು ಪರೀಕ್ಷಾ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಹಳಿಯಾಳದ ಹೊರಗೆ ಒಂದು ಗೋದಾಮು ಹಿಡಿದು, ಅಲ್ಲಿ ಎರಡು ಕಾರು ಇಟ್ಟಿದ್ದೆವು. ಒಂದು ಕೆಂಪು, ಒಂದು ಬಿಳಿ. ಬಾಡಿ, ಬ್ಯಾಟರಿ, ತೂಕ ಎಲ್ಲ ಒಂದೇ; ಮೋಟಾರು ಮಾತ್ರ ಬೇರೆ. ಎರಡರಲ್ಲಿ ಯಾವುದು ಮಾರುಕಟ್ಟೆಗೆ ಹೋಗಬೇಕೆಂದು ನಾನು ವರದಿ ಕೊಡಬೇಕಿತ್ತು.

ವ್ಯತ್ಯಾಸವನ್ನು ಸರಳವಾಗಿ ಹೇಳುತ್ತೇನೆ. ಕೆಂಪು ಗಾಡಿಯದು ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರು. ಅದರ ತಿರುಗುವ ಭಾಗದಲ್ಲಿ ಶಾಶ್ವತ ಆಯಸ್ಕಾಂತಗಳಿರುತ್ತವೆ. ನಿಂತಲ್ಲಿಂದ ಎದ್ದು ಓಡುವಾಗ ಅದರ ಬಲಕ್ಕೆ ಸಾಟಿಯಿಲ್ಲ, ಕರೆಂಟೂ ಕಡಿಮೆ ಸಾಕು. ಬಿಳಿ ಗಾಡಿಯದು ಇಂಡಕ್ಷನ್ ಮೋಟಾರು. ಅದರಲ್ಲಿ ಆಯಸ್ಕಾಂತವಿಲ್ಲ, ಕರೆಂಟು ಹರಿದಾಗ ಮಾತ್ರ ಕಾಂತಬಲ ಹುಟ್ಟುತ್ತದೆ. ಓಟದಲ್ಲಿ ಕೊಂಚ ಹಿಂದೆ, ಬಿಸಿಯೂ ಬೇಗ. ಎರಡೂ ಮೋಟಾರುಗಳು ಇಳಿಜಾರಿನಲ್ಲಿ ಜನರೇಟರಿನಂತೆ ಕೆಲಸ ಮಾಡಿ, ಬ್ಯಾಟರಿಗೆ ಕರೆಂಟು ತುಂಬುತ್ತ ಗಾಡಿಯನ್ನು ತಡೆಯುತ್ತವೆ. ಈ ತಡೆಯನ್ನು ನಂಬಿಯೇ ನಮ್ಮವರು ಎರಡೂ ಗಾಡಿಗೆ ಚಿಕ್ಕ, ಹಗುರ ಬ್ರೇಕು ಕೂರಿಸಿದ್ದರು. ಆ ನಕ್ಷೆಗೆ ನಾನೂ ಸಹಿ ಹಾಕಿದ್ದೆ.

ನಮ್ಮ ಚಾಲಕ ಚನ್ನಬಸಪ್ಪ ಹಳಿಯಾಳದ ಕಡೆಯವರು, ನನಗಿಂತ ಎರಡು ವರ್ಷ ಹಿರಿಯರು. ಕಬ್ಬಿನ ಲಾರಿ, ಆಮೇಲೆ ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರಿನ ಲಾರಿ ಹೊಡೆದವರು. ದಿನಾ ಬೆಳಿಗ್ಗೆ ನಾವಿಬ್ಬರೂ ದಾಂಡೇಲಿ, ಜೋಯಿಡಾ ದಾಟಿ ಅಣಶಿಗೆ ಹೋಗುತ್ತಿದ್ದೆವು. ಒಂದು ದಿನ ಕೆಂಪು, ಮರುದಿನ ಬಿಳಿ. ಅಲ್ಲಿಂದ ಕದ್ರಾ ಕಡೆಗೆ ಘಾಟು ಇಳಿಯುವುದು, ಮತ್ತೆ ಹತ್ತುವುದು. ವೇಗ ನಮಗೆ ಬೇಕಿರಲಿಲ್ಲ. ಕಡಿದಾದ ಏರಿನ ನಡುವೆ ನಿಲ್ಲಿಸಿ ಪೂರ್ಣ ಬಲದಿಂದ ಎಬ್ಬಿಸಬೇಕು, ಹಾಗೆ ಮತ್ತೆ ಮತ್ತೆ. ಮೋಟಾರು ಎಷ್ಟು ತಾಳುತ್ತದೆ ಎಂಬುದೇ ಪರೀಕ್ಷೆ.

ಬಿಳಿ ಗಾಡಿ ಮೂರನೆಯ ಏರಿಗೇ ಸೋಲುತ್ತಿತ್ತು. ಪರದೆಯ ಮೇಲೆ ಬಿಸಿಯ ಎಚ್ಚರಿಕೆ, ಬಲ ಇಳಿತ. ಅರ್ಧ ತಾಸು ನೆರಳಿನಲ್ಲಿ ನಿಲ್ಲಿಸಿದರೆ ಮೊದಲಿನಂತೆ ಸಿದ್ಧ. ಕೆಂಪು ಗಾಡಿ ಒಮ್ಮೆಯೂ ದೂರಲಿಲ್ಲ. ಆರು ಏರು, ಏಳು ಏರು, ಟಾರ್ಕ್ ಎಂಬ ತಿರುಚುಬಲದ ಅಂಕಿ ಕದಲದೆ ನಿಲ್ಲುತ್ತಿತ್ತು. ನಾನು ಮನಸ್ಸಿನಲ್ಲೇ ತೀರ್ಪು ಬರೆದುಬಿಟ್ಟಿದ್ದೆ.

ಎರಡನೆಯ ವಾರದಲ್ಲಿ ಚನ್ನಬಸಪ್ಪ ಗಾಡಿಯಿಂದಿಳಿದು ಸುಮ್ಮನೆ ಚಕ್ರ ನೋಡುತ್ತ ನಿಂತರು.

"ಮೇಡಮ್ಮಾರ, ಈ ಕೆಂಪ ಗಾಡಿ ಇಳಕಲದಾಗ ಮೊದಲಿನಂಗ ತಡೀವಲ್ದು. ಮೊದಲ ಕಾಲ ತಗದ್ರ ಸಾಕು, ಹಿಂದಿನಿಂದ ಯಾರೋ ಜಗ್ಗಿ ಹಿಡದಂಗ ಆಗ್ತಿತ್ತು. ಈಗ ಆ ಕೈ ಸಡ್ಲ ಆಗೇತಿ."

ನಾನು ಲ್ಯಾಪ್‌ಟಾಪ್ ತೆರೆದು ಎರಡು ವಾರದ ಅಂಕಿಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆ. ಗೆರೆಗಳು ಕೂಡಿಕೊಂಡವು. "ನಂಬರ್ ಎಲ್ಲಾ ಸರಿ ಅದಾವು ಚನ್ನಬಸಣ್ಣ. ನಿಮಗ ಗಾಡಿ ರೂಢಿ ಆಗೇತಿ, ಅದಕ್ಕ ಹಂಗನಸ್ತದ" ಎಂದೆ.

"ಇರಬಹುದ್ರೀ" ಎಂದರು. ದಿನಚರಿಯಲ್ಲಿ ನಾನು ಬರೆದೆ: ಚಾಲಕನ ಅನಿಸಿಕೆ, ಅಂಕಿಗಳಲ್ಲಿ ಆಧಾರವಿಲ್ಲ.

ನಾಲ್ಕು ದಿನ ಬಿಟ್ಟು ಅವರು ಮತ್ತೆ ಅದನ್ನೇ ಹೇಳಿದರು, ಈ ಬಾರಿ ನನ್ನ ಮುಖ ನೋಡದೆ. ಸಂಶಯ ನಿವಾರಿಸಿಕೊಳ್ಳಲು ಒಂದು ದಾರಿಯಿತ್ತು. ಮೋಟಾರನ್ನು ಇಳಿಸಿ, ಹೊರಗಿನಿಂದ ತಿರುಗಿಸಿ, ಅದು ಹುಟ್ಟಿಸುವ ವೋಲ್ಟೇಜ್ ಅಳೆಯಬೇಕು. ಆಯಸ್ಕಾಂತ ಎಷ್ಟು ಗಟ್ಟಿಯೋ ಅಷ್ಟು ವೋಲ್ಟೇಜ್. ಒಂದು ದಿನದ ಕೆಲಸ. ಆದರೆ ಶುಕ್ರವಾರ ಕಂಪನಿಯ ಪಾಲುದಾರರು ಕೆಂಪು ಗಾಡಿಯಲ್ಲಿ ಕೂತು ಘಾಟು ಇಳಿಯಲು ಬರುವವರಿದ್ದರು. ಶನಿವಾರ ಅಳೆದರಾಯಿತು ಅಂದುಕೊಂಡೆ.

ಗುರುವಾರ ಕೊನೆಯ ತಾಲೀಮು. ಹನ್ನೊಂದು ಗಂಟೆಯಾಗಿದ್ದರೂ ಕಾಡಿನ ದಾರಿಯಲ್ಲಿ ಬಿಸಿಲು ನೆಲ ಮುಟ್ಟಿರಲಿಲ್ಲ. ಐದು ಸಲ ಹತ್ತಿ, ಆರನೆಯ ಇಳಿತ ಶುರುವಾದಾಗ ಸುಟ್ಟ ವಾಸನೆ ಬಂತು. ಚನ್ನಬಸಪ್ಪನವರ ಕಾಲು ಬ್ರೇಕಿನ ಮೇಲೇ ಇತ್ತು. ಎರಡು ತಿರುವು ಆದ ಮೇಲೂ ಅದು ಮೇಲೇಳಲಿಲ್ಲ. ನನ್ನ ತೊಡೆಯ ಮೇಲಿದ್ದ ಪರದೆ ಮೋಟಾರು ಪೂರ್ಣ ಬಲದಿಂದ ತಡೆಯುತ್ತಿದೆ ಎಂದೇ ತೋರಿಸುತ್ತಿತ್ತು. ಗಾಡಿ ಮಾತ್ರ ವೇಗ ಹೆಚ್ಚಿಸಿಕೊಳ್ಳುತ್ತಿತ್ತು. ನಾನು ಕಿಟಕಿಯನ್ನೂ ನೋಡಿದೆ, ಪರದೆಯನ್ನೂ ನೋಡಿದೆ. ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಎಂದು ಗೊತ್ತಾಯಿತು.

"ಬ್ರೇಕ್ ಸಿಗವಲ್ದು. ಹಿಡ್ಕೋರಿ ಮೇಡಮ್ಮಾರ!"

ಎಡಕ್ಕೆ ಕಣಿವೆ. ಅವರು ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿ, ಎದುರು ಬದಿ ದಾಟಿ, ಗಾಡಿಯನ್ನು ಗುಡ್ಡಕ್ಕೆ ಉಜ್ಜಿಸುತ್ತ ಅದರ ಬುಡದ ಗಟಾರಕ್ಕೆ ನುಗ್ಗಿಸಿದರು. ಕಲ್ಲಿಗೆ ಕಬ್ಬಿಣ ಉಜ್ಜಿದ ಸದ್ದು, ಆಮೇಲೆ ಏನೂ ಇಲ್ಲ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಮುಂದಿನ ತಿರುವಿನಿಂದ ಜನ ತುಂಬಿದ್ದ ಬಸ್ಸೊಂದು ಏದುಸಿರು ಬಿಡುತ್ತ ಮೇಲೆ ಬಂತು.

ನನಗೆ ಹಣೆಯ ಮೇಲೆ ಒಂದು ಗಾಯ. ಚನ್ನಬಸಪ್ಪನವರ ಬಲ ಮುಂಗೈ ಎರಡು ಕಡೆ ಮುರಿದಿತ್ತು.

ಶನಿವಾರ ಅಳೆಯಬೇಕೆಂದಿದ್ದ ವೋಲ್ಟೇಜನ್ನು ಶನಿವಾರವೇ ಅಳೆದೆ. ಹೊಸದಿದ್ದಾಗಿನದಕ್ಕಿಂತ ಐದರಲ್ಲಿ ಒಂದು ಪಾಲು ಕಡಿಮೆ. ಅತಿಯಾಗಿ ಬಿಸಿಯಾದ ಆಯಸ್ಕಾಂತಗಳು ದಿನದಿನಕ್ಕೆ ತಮ್ಮ ಬಲ ಕಳೆದುಕೊಂಡಿದ್ದವು. ತಣ್ಣಗಾದರೂ ಅದು ಮರಳಿ ಬರುವುದಿಲ್ಲ. ಹಾಗಾದರೆ ಪರದೆಯ ಅಂಕಿ? ಗಾಡಿಯಲ್ಲಿ ಟಾರ್ಕನ್ನು ಅಳೆಯುವ ಸೆನ್ಸರೇ ಇರಲಿಲ್ಲ. ಕಂಟ್ರೋಲರ್ ಕರೆಂಟನ್ನು ಅಳೆದು, ಆಯಸ್ಕಾಂತ ಹೊಸದರಂತೆಯೇ ಇದೆ ಎಂದು ನಂಬಿ, ಲೆಕ್ಕ ಹಾಕಿ ತೋರಿಸುತ್ತಿತ್ತು. ಮೋಟಾರು ಅಷ್ಟು ತಡೆಯುತ್ತಿದೆ ಎಂದುಕೊಂಡು ಬ್ರೇಕಿಗೆ ಕಡಿಮೆ ಒತ್ತಡ ಕೊಡುತ್ತಿತ್ತು. ಕೊರತೆಯನ್ನು ಚನ್ನಬಸಪ್ಪ ಕಾಲಿನಿಂದ ತುಂಬುತ್ತಿದ್ದರು. ಚಿಕ್ಕ ಬ್ರೇಕು ಕಾದು ಹೋಯಿತು. ಮೂವತ್ತು ವರ್ಷ ಮೋಟಾರಿನ ಜೊತೆ ಕಳೆದ ನನಗೆ ಇದು ಗೊತ್ತಿರದ ವಿಷಯವಲ್ಲ. ಗೊತ್ತಿದ್ದೂ ನನ್ನನ್ನೇ ಕೇಳಿಕೊಂಡಿರಲಿಲ್ಲ.

ಕಂಪನಿಯ ಮುಖ್ಯಸ್ಥರು ಫೋನಿನಲ್ಲಿ ಮೆತ್ತಗೆ ಹೇಳಿದರು: "ಚಾಲಕನ ತಪ್ಪು ಅಂತ ಬರೀರಿ. ಎಲ್ಲಾರಿಗೂ ಸುಲಭ ಆಗ್ತದ."

"ಅವರು ಎರಡು ಸಲ ಹೇಳಿದ್ದರು ಸರ್. ನಾ ಕೇಳಲಿಲ್ಲ. ಅದನ್ನ ಬರೀತೀನಿ" ಎಂದೆ.

ವರದಿಯ ಮೊದಲ ಪುಟದಲ್ಲಿ ನನ್ನ ದಿನಚರಿಯ ಆ ಸಾಲನ್ನೇ ಎತ್ತಿ ಹಾಕಿದೆ. ವಿಚಾರಿಸುತ್ತ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು. ಬೇಕಾದ ಆಯಸ್ಕಾಂತ ಸಮಯಕ್ಕೆ ಬಾರದೆ, ಮೋಟಾರು ಕಟ್ಟಿದವರು ಕಡಿಮೆ ಬಿಸಿ ತಾಳುವ ಬೇರೆ ದರ್ಜೆಯದನ್ನು ಕೂರಿಸಿದ್ದರು; ಬಿಸಿಯ ಎಚ್ಚರಿಕೆಯ ಮಿತಿ ಮಾತ್ರ ಮೊದಲಿನ ದರ್ಜೆಯದೇ ಉಳಿದಿತ್ತು. ಅದೇ ಬಗೆಯ ಇನ್ನೂ ಆರು ಮೋಟಾರುಗಳನ್ನು ಕಂಪನಿ ಕಂಟ್ರೋಲರ್ ಸಮೇತ ಆಗಲೇ ಹೊರಗಿನವರಿಗೆ ಮಾರಿತ್ತು, ಅವು ಬೇರೆಯವರ ಗಾಡಿಗಳಲ್ಲಿದ್ದವು. ಕಂಪನಿ ಪತ್ರ ಬರೆಯುವವರೆಗೆ ಕಾಯದೆ ನಾನೇ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಐದು ಮರಳಿ ಬಂದವು. ಆರನೆಯದನ್ನು ಕೊಂಡವರು ಗಾಡಿಯನ್ನು ಇನ್ಯಾರಿಗೋ ಕೊಟ್ಟಿದ್ದರು, ಅವರು ಮತ್ತೊಬ್ಬರಿಗೆ. ಅದು ಎಲ್ಲಿದೆ ಎಂದು ನಾನು ಕೆಲಸ ಬಿಡುವ ದಿನದವರೆಗೂ ಗೊತ್ತಾಗಲಿಲ್ಲ. ಅದನ್ನು ಓಡಿಸುವವರ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿರುತ್ತದೆ.

ಆಮೇಲೆ ನಾನು ಯಾವ ಅಂಕಿ ನೋಡಿದರೂ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದನ್ನು ಅಳೆದಿದ್ದೋ, ಅಂದಾಜು ಮಾಡಿದ್ದೋ? ಕಿರಿಯ ಇಂಜಿನಿಯರುಗಳಿಗೂ ಅದನ್ನೇ ಕಲಿಸಿದೆ. ಬಹುಕಾಲ ಈ ಪ್ರಕರಣದ ಪಾಠ ಅಷ್ಟೇ ಅಂದುಕೊಂಡಿದ್ದೆ.

ನಿವೃತ್ತಿಯ ನಂತರ ಹಳಿಯಾಳಕ್ಕೆ ಹೋಗಿ ಚನ್ನಬಸಪ್ಪನವರನ್ನು ಕಂಡೆ. ಮುಂಗೈ ಈಗಲೂ ಪೂರ್ತಿ ತಿರುಗುವುದಿಲ್ಲ, ಗಾಡಿ ಓಡಿಸುವುದನ್ನು ನಿಲ್ಲಿಸಿದ್ದಾರೆ. ಎಡಗೈಯಿಂದಲೇ ಚಹಾ ಕೊಟ್ಟರು. ಎಷ್ಟೋ ದಿನದಿಂದ ಒಳಗಿದ್ದದ್ದನ್ನು ಕೇಳಿಯೇಬಿಟ್ಟೆ: "ಗಾಡಿ ಸರಿ ಇಲ್ಲಂತ ನಿಮಗ ಗೊತ್ತಿತ್ತು. ಅವತ್ತ ಯಾಕ ಹತ್ತಿದ್ರಿ, ಚನ್ನಬಸಣ್ಣ?"

ಅವರಿಗೆ ಆ ಪ್ರಶ್ನೆಯೇ ವಿಚಿತ್ರ ಅನಿಸಿರಬೇಕು.

"ನೀವು ಬಾಜೂಕ ಕುಂತಿದ್ರಲ್ರೀ. ಇಷ್ಟ ಕಲ್ತವರು ಕೂಡ್ತಾರಂದ್ರ ನಂದ ತಪ್ಪ ಇರಬೇಕು ಅನ್ಕೊಂಡ್ನಿ."