ಗಾದಿ ಚಾಚಾ ನನಗಷ್ಟೇ ಹೇಳಿದ ಮಾತು

ಮನೆಯ ಹಳೆಯ ಗಾದಿಯ ಹತ್ತಿ ಗಂಟುಗಂಟಾಗಿತ್ತು. ಹಿಂಜಿಸಿ ತರೋಣವೆಂದು ಹೋದ ತಿಂಗಳು ರಾಯಚೂರಿನ ಒಂದು ಮಷಿನ್ ಅಂಗಡಿಗೆ ಹೋಗಿದ್ದೆ. ಬಾಗಿಲಲ್ಲಿ ಕಾಲಿಟ್ಟೊಡನೆ ಹಿಂಜಿದ ಹತ್ತಿಯ ವಾಸನೆ ಬಂತು. ಒಣ ಧೂಳು, ಅದರೊಳಗೆ ಹತ್ತಿಕಾಳಿನ ಎಣ್ಣೆಯ ಸಣ್ಣ ಕಮಟು... ಮಾನ್ವಿಯ ಗಾದಿ ಚಾಚಾ ಬಂದು ಕುಳಿತರೆ ನಮ್ಮ ಶನಿವಾರದ ಗುಂಪಿನ ಕೋಣೆಯಲ್ಲಿ ಇದೇ ವಾಸನೆ ಇರುತ್ತಿತ್ತು.

ನಾನು ಮೂವತ್ತನಾಲ್ಕು ವರ್ಷ ನರ್ಸ್ ಆಗಿದ್ದವಳು. ಐದಕ್ಕೆ ಏಳುವುದು, ಏಳಕ್ಕೆ ವಾರ್ಡು, ಎಂಟರೊಳಗೆ ಎಲ್ಲರ ಜ್ವರ ನೋಡಿ ಬರೆಯುವುದು. ನಿವೃತ್ತಿಯಾದ ಮೇಲೂ ಗಡಿಯಾರ ನನ್ನನ್ನು ಬಿಡಲಿಲ್ಲ. ಆಗ ಪರಿಚಯದ ಮನೋವೈದ್ಯರೊಬ್ಬರು ರಾಯಚೂರಿನಲ್ಲಿ ಶನಿವಾರಕ್ಕೊಮ್ಮೆ ನಡೆಸುತ್ತಿದ್ದ ಗುಂಪು ಚಿಕಿತ್ಸೆಗೆ ನೆರವಾಗಲು ಕರೆದರು. ಅದು ಮಾತು ಕಡಿಮೆಯ, ಅಂತರ್ಮುಖಿಗಳ ಗುಂಪು. ಮಾತು ಕಡಿಮೆಯಿರುವುದು ರೋಗವಲ್ಲ, ಸ್ವಭಾವ ಎಂದು ಡಾಕ್ಟರು ಮೊದಲ ದಿನವೇ ತಿಳಿಸಿದ್ದರು. ಆದರೆ ಆಡಲೇಬೇಕಾದ ಹೊತ್ತಿನಲ್ಲಿ ಮಾತು ಬಾರದೆ ಸಂಕಟಪಡುವವರಿದ್ದಾರೆ. ಅಂಥವರು ತಮ್ಮಂಥ ಏಳೆಂಟು ಜನರ ನಡುವೆ ಕೂರಲಿ, ಬಂದಷ್ಟು ಮಾತಾಡಲಿ, ಬಾರದಿದ್ದರೆ ಸುಮ್ಮನಿರಲಿ ಎಂಬುದು ಅವರ ಕ್ರಮ. ಆ ಕೊನೆಯ ಭಾಗ ನನಗೆ ಹಿಡಿಸಿರಲಿಲ್ಲ. ಔಷಧಿ ಎಂದ ಮೇಲೆ ನುಂಗಬೇಕು ಎನ್ನುವವಳು ನಾನು.

ಚಾಚಾ ಬಿಲ್ಲಿನ ತಂತಿ ಮಿಡಿದು ಹತ್ತಿ ಹಿಂಜಿ ಗಾದಿ ಹೊಲಿಯುವವರು. ವಯಸ್ಸು ಅರವತ್ತರ ಹತ್ತಿರ. ಅವರು ಏಕೆ ಬರುತ್ತಾರೆಂಬುದನ್ನು ಡಾಕ್ಟರೇ ಹೇಳಿದ್ದರು. ಅವರಲ್ಲಿ ಮದುವೆಯ ದಿನ ಹುಡುಗಿಯ ಕಡೆಯ ಹಿರಿಯರೊಬ್ಬರು ಒಳಗೆ ಹೋಗಿ ಅವಳ ಒಪ್ಪಿಗೆ ಕೇಳಿ, ಹೊರಗೆ ಬಂದು ಕಾಜಿಯ ಮುಂದೆ, ತುಂಬಿದ ಸಭೆಯಲ್ಲಿ ಅದನ್ನು ಹೇಳಬೇಕು. ದೊಡ್ಡ ಮಗಳ ಮದುವೆಯಲ್ಲಿ ಚಾಚಾ ಎದ್ದು ನಿಂತವರು ನಿಂತೇ ಇದ್ದರಂತೆ, ಮಾತು ಹೊರಡಲಿಲ್ಲ. ಹೆಂಡತಿಯ ತಮ್ಮ ಹೇಳಿ ಮುಗಿಸಿದ. ಬಿಲ್ಲಿನ ತಂತಿ ಮಾತಾಡುತ್ತದೆ, ಬಿಲ್ಲು ಹಿಡಿದವನು ಮಾತಾಡುವುದಿಲ್ಲ ಎಂದು ಊರಿನವರು ವರ್ಷಗಟ್ಟಲೆ ನಕ್ಕರು. ಈಗ ಕಿರಿಯ ಮಗಳ ಮದುವೆ ಗೊತ್ತಾಗಿತ್ತು. ಆ ಒಂದು ಮಾತನ್ನು ಈ ಸಲ ತಾವೇ ಹೇಳಬೇಕೆಂಬ ಒಂದೇ ಆಸೆಯಿಂದ ಅವರು ಪ್ರತಿ ಶನಿವಾರ ಕೆಲಸ ಬಿಟ್ಟು ಬಸ್ಸು ಹತ್ತುತ್ತಿದ್ದರು.

ನಾನು ಗುಂಪಿಗೆ ಶಿಸ್ತು ತಂದೆ. ಒಬ್ಬೊಬ್ಬರಿಗೆ ಎರಡು ನಿಮಿಷ ಎಂದು ಗೊತ್ತುಮಾಡಿದೆ. ವಾರ್ಡಿನಲ್ಲಿ ಮಂಚದ ಕಾಲ್ದೆಸೆಗೆ ಜ್ವರದ ಪಟ್ಟಿ ತೂಗುಹಾಕಿದಂತೆ ಇಲ್ಲಿಯೂ ಗೋಡೆಗೊಂದು ಚಾರ್ಟು ಹಾಕಿದೆ. ಮಾತಾಡಿದವರಿಗೆ ನೀಲಿ ಗುರುತು, ಆಡದವರಿಗೆ ಕೆಂಪು. ಸುಧಾರಣೆ ಅವರ ಕಣ್ಣಿಗೇ ಕಾಣಲಿ ಎಂಬುದು ನನ್ನ ಲೆಕ್ಕ. ಡಾಕ್ಟರು ಹುಬ್ಬೇರಿಸಿದರು, ಆದರೆ ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾದರು. ದೇವದುರ್ಗದಿಂದ ಬರುತ್ತಿದ್ದ ಒಬ್ಬ ಟೀಚರಮ್ಮ ಮಾತ್ರ ಕೇಳಿದಳು. ಆ ಗುಂಪಿನಲ್ಲಿ ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು.

"ಸಿಸ್ಟರ್, ನಮಗ ಜ್ವರ ಬಂದದೇನ್ರೀ? ಮೂಲ್ಯಾಗ ನಿಂದ್ರಿಸೂದು ಒಂದು ಬಿಟ್ಟೀರಿ ನೋಡ್ರಿ."

ಎಲ್ಲರೂ ಸಣ್ಣಗೆ ನಕ್ಕರು. ಚಾಚಾ ನಗಲಿಲ್ಲ. ಅವರು ಚಾರ್ಟು ನೋಡುತ್ತಿದ್ದರು. ಅವರಿಗೆ ಓದಲು ಬಾರದು, ಆದರೆ ಕೆಂಪು ಯಾರ ಸಾಲಿನಲ್ಲಿದೆ ಎಂದು ತಿಳಿಯಲು ಅಕ್ಷರ ಬೇಕಿರಲಿಲ್ಲ. ನಾಲ್ಕು ವಾರ, ನಾಲ್ಕು ಕೆಂಪು. ಐದನೆಯ ವಾರ ಅವರು ಬರಲಿಲ್ಲ. ಆರನೆಯ ವಾರವೂ ಇಲ್ಲ.

ಏಳನೆಯ ವಾರ ನಾನೇ ಹೊರಟೆ. ಕಲ್ಮಲ ದಾಟಿ, ನೀರಮಾನ್ವಿ ದಾಟಿ ಬಸ್ಸು ಮಾನ್ವಿ ಮುಟ್ಟುವವರೆಗೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತಲೇ ಇದ್ದೆ. ಚಾಚಾ ಅಂಗಡಿಯಲ್ಲಿ ಮೊಣಕಾಲೂರಿ ಹತ್ತಿ ಹಿಂಜುತ್ತಿದ್ದರು. ನನ್ನನ್ನು ಕಂಡು ಸಲಾಮು ಮಾಡಿ, ಚಹಾ ತರಿಸಿ, ಮತ್ತೆ ಬಿಲ್ಲು ಹಿಡಿದರು. ಚಾರ್ಟು ತೆಗೆದುಹಾಕಿದ್ದೇನೆ, ಬನ್ನಿ ಎಂದೆ. ಬಿಲ್ಲಿನ ಸದ್ದು ನಿಲ್ಲಲಿಲ್ಲ. ಜೋಡಿಸಿಕೊಂಡು ಬಂದ ಮಾತೆಲ್ಲ ಆಗಲೇ ಮುಗಿದಿತ್ತು. ಮರಳುವ ಬಸ್ಸಿಗೆ ಹೊತ್ತಿತ್ತು, ಹಾಗಾಗಿ ಸುಮ್ಮನೆ ಕುಳಿತೆ. ಎಷ್ಟು ಹೊತ್ತೋ... ಅರ್ಧ ಗಾದಿಯ ಹತ್ತಿ ಹಿಂಜಿ ಮುಗಿದಿರಬೇಕು. ಚಾಚಾ ಬಿಲ್ಲು ಕೆಳಗಿಟ್ಟರು.

"ಎರಡು ನಿಮಿಷ ಅಂತಿದ್ರಿ ಸಿಸ್ಟರ್. ನನಗ ಮೊದಲ್ನೇ ಮಾತು ಬಾಯಿತನಕ ಬರಾಕ ಅರ್ಧ ತಾಸು ಬೇಕ್ರಿ. ಬಂತು ಅನ್ನೂದ್ರಾಗ ನೀವು ಮುಂದಿನವ್ರನ್ನ ಕರಿತಿದ್ರಿ."

ಅವರು ಕೈಯ ಹತ್ತಿ ಜಾಡಿಸಿ ಎದ್ದು ನಿಂತರು. ಎದುರಿಗೆ ಸಭೆಯೇ ಇದೆಯೇನೋ ಎಂಬಂತೆ ಟೋಪಿ ಸರಿಮಾಡಿಕೊಂಡು, ತಮ್ಮ ಮನೆಮಾತಿನಲ್ಲಿ ಹೇಳಿದರು.

"ಮೇರಿ ಬೇಟಿ ರಾಜಿ ಹೈ. ಮೈಚ್ ಪೂಛ್ ಕೋ ಆಯಾ."

ನನ್ನ ಮಗಳು ಒಪ್ಪಿದ್ದಾಳೆ, ನಾನೇ ಕೇಳಿ ಬಂದೆ. ದನಿ ಗಡುಸಾಗಿತ್ತು, ಕೊನೆಯಲ್ಲಿ ತುಸು ನಡುಗಿತು. ಹೇಳಿ ಮುಗಿಸಿ ಮುಖ ತಿರುಗಿಸಿ ಮತ್ತೆ ಕೆಲಸಕ್ಕೆ ಕುಳಿತರು. ಮದುವೆಗೆ ಬರಬೇಕು ಎಂದರು, ಅಷ್ಟೇ.

ಮದುವೆಗೆ ಹೋದೆ. ಪರದೆಯ ಈಚೆ ಹೆಂಗಸರ ನಡುವೆ ನಾನಿದ್ದೆ. ಚಾಚಾ ಇಬ್ಬರು ಸಾಕ್ಷಿಗಳೊಂದಿಗೆ ಒಳಗೆ ಬಂದು ಮಗಳನ್ನು ಕೇಳಿದರು. ಅವಳು ತಲೆ ತಗ್ಗಿಸಿ ಹೂಂ ಎಂದಳು. ಅವರು ಹೊರಗೆ ಹೋದರು. ಆಮೇಲೆ ಪರದೆಯ ಆಚೆ ಎಲ್ಲವೂ ಸ್ತಬ್ಧವಾಯಿತು. ಯಾರೋ ಕೆಮ್ಮಿದರು. ಇನ್ನು ಸ್ವಲ್ಪ ತಡೆಯಿರಿ, ಬರುತ್ತದೆ, ನಾನು ಕೇಳಿದ್ದೇನೆ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಮೂವತ್ತನಾಲ್ಕು ವರ್ಷ ವಾರ್ಡಿನ ತುಂಬ ಕೂಗಾಡಿದವಳಿಗೆ ಅಂದು ದನಿ ಹೊರಡಲಿಲ್ಲ. ಅಷ್ಟರಲ್ಲಿ ಹೆಂಡತಿಯ ತಮ್ಮನ ದನಿ ಕೇಳಿಸಿತು. ಅವನು ಹೇಳಿ ಮುಗಿಸಿದ. ಅವನನ್ನು ಬೈಯುವಂತಿಲ್ಲ. ನಾನೂ ನಾಲ್ಕು ವಾರ ಅದನ್ನೇ ಮಾಡಿದ್ದೆ.

ಚಾಚಾ ಮತ್ತೆ ಗುಂಪಿಗೆ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ನನಗೆ ತಿಳಿದಾಗ ನಲವತ್ತನೆಯ ದಿನದ ಕಾರ್ಯವೂ ಕಳೆದಿತ್ತು.

ಹೋದ ತಿಂಗಳು ಆ ವಾಸನೆ ಬಂದ ಮೇಲೆ ಮನೆಯಲ್ಲಿ ಕೂರಲಾಗದೆ ಮಾನ್ವಿಗೆ ಹೋಗಿ ಕಿರಿಯ ಮಗಳನ್ನು ಕಂಡೆ. ಅವಳಿಗೀಗ ಎರಡು ಮಕ್ಕಳು. ತಂದೆಯ ಮಾತು ಬಂತು.

"ಅಬ್ಬಾ ನನ್ನ ನಿಕಾದಾಗೂ ಮಂದಿ ಮುಂದ ಬಾಯಿ ತಗೀಲಿಲ್ರೀ. ನನ್ನ ಮ್ಯಾಲ ಏನರ ಸಿಟ್ಟಿತ್ತೋ ಏನೋ, ಇವತ್ತಿಗೂ ಗೊತ್ತಾಗಿಲ್ಲ."

ಅಂಗಡಿಯಲ್ಲಿ ಕೇಳಿದ್ದನ್ನು ಹೇಳಿದೆ. ಅವಳು ನನ್ನ ಹತ್ತಿರಕ್ಕೆ ಸರಿದು ಕುಳಿತಳು. ಆಮೇಲೆ, "ಹ್ಯಾಂಗ ಅಂದ್ರು? ಇನ್ನೊಮ್ಮೆ ಅನ್ರಿ" ಎಂದಳು.

ಇನ್ನೊಮ್ಮೆ ಹೇಳಿದೆ. ಮತ್ತೊಮ್ಮೆ ಕೇಳಿದಳು, ಮತ್ತೊಮ್ಮೆ ಹೇಳಿದೆ. ಒಂದಕ್ಷರ ಬಿಡದೆ ಅವರ ಮಾತನ್ನೇ ಹೇಳಿದೆ. ಆದರೆ ಅವಳು ಕೇಳುತ್ತಿದ್ದದ್ದು ತಂದೆಯ ದನಿಯನ್ನು. ಅದನ್ನು ತಂದುಕೊಡಲು ನನ್ನಿಂದ ಆಗಲಿಲ್ಲ.