ಅಳಿಸಿದ ಒಂದು ಕಾಲಂ

ಕುವೆಂಪುನಗರದ ಒಂದು ಟೈಲರಿಂಗ್ ಅಂಗಡಿಯಲ್ಲಿ ಗಿರಾಕಿಗಳ ಅಳತೆ ಇಡುವ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ನನಗಿಂತ ಮುಂಚೆ ಆ ಕೆಲಸದಲ್ಲಿದ್ದ ಮೇಡಂ, ಹೊಸ ಕಾಲಂ ಸೇರಿಸಿದಾಗಲೆಲ್ಲ ಯಾವತ್ತು, ಯಾಕೆ ಸೇರಿಸಿದ್ದು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಕೆಲಸ ಬಿಡುವ ದಿನ ಅದನ್ನು ನನ್ನ ಕೈಗಿಟ್ಟು, "ಏನಾದ್ರೂ ತೆಗೆಯೋ ಮುಂಚೆ ಇದನ್ನ ಒಂದ್ಸಲ ನೋಡಮ್ಮ" ಅಂದರು. ಕಂಪ್ಯೂಟರ್ ಕೆಲಸಕ್ಕೆ ನೋಟ್‌ಬುಕ್ ಯಾಕೆ ಎಂದು ಒಳಗೊಳಗೇ ನಕ್ಕು ಡ್ರಾಯರಿಗೆ ಹಾಕಿದೆ. ನನ್ನ ಜಂಬಕ್ಕೆ ಬೆಂಕಿ ಹಾಕ!

ಬ್ಲೌಸ್ ಅಳತೆಗಳ ಜೊತೆ 'ಒಂದೇ ಕಡೆ ಪ್ಯಾಡ್' ಎಂಬ ಕಾಲಂ ಇತ್ತು. ಅಷ್ಟು ಗಿರಾಕಿಗಳಲ್ಲಿ ಏಳೆಂಟು ಜನರಿಗೆ ಮಾತ್ರ ಅದು ತುಂಬಿತ್ತು. ಯಾರೋ ತಪ್ಪಾಗಿ ಸೇರಿಸಿದ್ದು ಅಂದುಕೊಂಡು ಅಳಿಸಿಬಿಟ್ಟೆ.

ಸ್ವಲ್ಪ ದಿನಕ್ಕೆ ಹಳೆಯ ಗಿರಾಕಿಯೊಬ್ಬರು ಹೊಸ ಬ್ಲೌಸನ್ನು ವಾಪಸ್ ತಂದರು. ಕೌಂಟರಿನಲ್ಲಿ ನಾನಿದ್ದೆ, ಅಂಗಡಿ ತುಂಬ ಜನ. ಅವರು ಸೆರಗು ಎಳೆದುಕೊಂಡು, "ಆಪರೇಷನ್ನಲ್ಲಿ ಒಂದು ಎದೆ ತೆಗೆದಿದ್ದಾರೆ ಅಂತ ಆವತ್ತೇ ಹೇಳಿದ್ನಲ್ಲಮ್ಮ, ಬರ್ಕೊಂಡಿರ್ಲಿಲ್ವಾ?" ಅಂದರು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು.

ಅವರು ಹೋದ ಮೇಲೆ ನೋಟ್‌ಬುಕ್ ತೆಗೆದೆ. ಆ ಕಾಲಂ ಎದುರು ಮೇಡಂ ಬರೆದಿದ್ದರು: "ಇವರನ್ನು ಎರಡನೇ ಸಲ ಕೇಳಬಾರದು."