ಹಾಸ್ಟೆಲ್ ಬಳಗ ಸೇರುವುದರ ಲಾಭಗಳು

ಭಾಷಣದ ನಡುವೆ ಏಳಬಾರದು ಎಂಬ ಶಿಷ್ಟಾಚಾರವನ್ನು ನಾನು ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದಿದ್ದೇನೆ. ಅದರಿಂದ ಯಾರಿಗಾದರೂ ಒಳ್ಳೆಯದಾಗಿದ್ದು ನನಗೆ ಗೊತ್ತಿಲ್ಲ. ಕೆಟ್ಟದ್ದು ಮಾತ್ರ ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ನನ್ನ ಎಡಗಡೆಯ ಕುರ್ಚಿಯಲ್ಲೇ ಆಗಲಿಕ್ಕಿತ್ತು.

ನಮ್ಮದೊಂದು ಬಳಗವಿದೆ. ಉತ್ತರ ಕರ್ನಾಟಕದ ಒಂದೇ ಇಂಜಿನಿಯರಿಂಗ್ ಕಾಲೇಜಿನ ಒಂದೇ ಹಾಸ್ಟೆಲಿನ ಅನ್ನ ತಿಂದು, ಈಗ ದುಬೈ, ಅಬುಧಾಬಿಗಳಲ್ಲಿ ಹೊಟ್ಟೆ ಬೆಳೆಸಿಕೊಂಡಿರುವವರ ಬಳಗ. ನಿಯಮ ಒಂದೇ. ಹಾಸ್ಟೆಲಿನ ಮೊದಲ ವಾರ ಸೀನಿಯರ್‌ಗಳು ಇಟ್ಟ ಹೆಸರೇ ಕೊನೆಯವರೆಗೂ ಹೆಸರು. ಹೆತ್ತವರು ಇಟ್ಟದ್ದನ್ನು ಬಾಯಿಬಿಟ್ಟವನು ಎಲ್ಲರಿಗೂ ಚಹಾ ಕುಡಿಸಬೇಕು. ನಿಧಾನ ಮಾತಾಡುವವನಾದ್ದರಿಂದ ನಾನು ಮಜ್ಜಿಗಿ. ಟ್ರಂಕಿನ ತುಂಬ ಜೋಳದ ಒಣ ರೊಟ್ಟಿ ಹೊತ್ತು ತಂದಿದ್ದರಿಂದ ಪಕ್ಕದ ಕೋಣೆಯವನು ಖಡಕ್. ಪಟ್ಟಕ್ಕೆ ಬಂದ ಮಠಾಧೀಶರೂ ಪೂರ್ವಾಶ್ರಮದ ಹೆಸರು ಬಿಡುತ್ತಾರಲ್ಲ ಎಂದು ಬಳಗದ ಪಂಡಿತರು ಸಮರ್ಥಿಸುವುದುಂಟು. ಅವರು ಬಿಡುವುದು ಸಂಸಾರ ದಾಟಲಿಕ್ಕೆ. ನಾವು ಬಿಟ್ಟದ್ದು ಹನ್ನೊಂದನೇ ನಂಬರ್ ರೂಮಿನ ಸೀನಿಯರ್‌ಗಳಿಗೆ ಹೆದರಿ.

ವರ್ಷಕ್ಕೊಮ್ಮೆ ದುಬೈನ ಮಿರ್ದಿಫ್ ಬಡಾವಣೆಯಲ್ಲಿರುವ ಬಳಗದ ಅಧ್ಯಕ್ಷರ ವಿಲ್ಲಾದಲ್ಲಿ ನಾವೆಲ್ಲ ಸೇರುತ್ತೇವೆ. ಹೊಸದಾಗಿ ಬಂದವರಿಗೆ ಅಧ್ಯಕ್ಷರು ಬಳಗ ಸೇರುವುದರ ಲಾಭಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಲಾಭಗಳು ಮುಗಿದ ಮೇಲೆ ತಿಂಡಿ. ಅಂದು ಖಡಕ್ ಅಲ್ ನಹ್ದಾ ಬಡಾವಣೆಯಿಂದ ನನ್ನ ಕಾರಿನಲ್ಲೇ ಬಂದಿದ್ದ. ಪಾಕೀಟು ಮನೆಯಲ್ಲೇ ಬಿಟ್ಟು, ಬರೀ ಫೋನು ಹಿಡಿದುಕೊಂಡು.

ಎರಡನೆಯ ಲಾಭದ ಹೊತ್ತಿಗೆ ಅವನ ಹಣೆಯ ಮೇಲೆ ಬೆವರು ಕಂಡೆ. ಏಸಿ ಎಷ್ಟು ಜೋರಾಗಿತ್ತೆಂದರೆ ನಾನು ಕೈ ಕಟ್ಟಿಕೊಂಡು ಕೂತಿದ್ದೆ. ಮೂರನೆಯದಕ್ಕೆ ಅವನ ಬಲಗೈ ಸಣ್ಣಗೆ ನಡುಗತೊಡಗಿತು.

"ಯಾಕಲೇ?" ಎಂದೆ, ಪಿಸುದನಿಯಲ್ಲಿ.

"ಏನಿಲ್ಲ. ಇದೊಂದು ಮುಗೀಲಿ."

ನಾನೂ ಮುಗಿಯಲೆಂದು ಕೂತೆ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ನಾನು ನೋಡಿದೆ, ಚೆನ್ನಾಗಿಯೇ ನೋಡಿದೆ, ನೋಡಿ ಕೂತೆ.

"ಕಷ್ಟಕಾಲಕ್ಕ ಎಂಬತ್ತು ಕೈ ಎದ್ದು ಬರ್ತಾವು!" ಎಂದರು ಅಧ್ಯಕ್ಷರು. ಎಂಬತ್ತು ಕೈಗಳೂ ಚಪ್ಪಾಳೆ ತಟ್ಟಿದವು. ಖಡಕ್ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದ. "ಎಬ್ಬಿಸ್ರಲೇ ಅವನ್ನ, ಸೆಮಿನಾರದಾಗೂ ಹಿಂಗ ಮಲಗ್ತಿದ್ದ" ಎಂದು ಹಿಂದಿನಿಂದ ಯಾರೋ ನಕ್ಕರು. ಅವನ ಕೆನ್ನೆ ತಟ್ಟಿದಾಗ ಕಣ್ಣು ತೆರೆಯಲಿಲ್ಲ. ಆಮೇಲೆ ಯಾರೂ ನಗಲಿಲ್ಲ.

ಆಂಬುಲೆನ್ಸಿನವರು ಬೆರಳು ಚುಚ್ಚಿ ನೋಡಿ, ರಕ್ತದಲ್ಲಿ ಸಕ್ಕರೆ ಪಾತಾಳಕ್ಕಿಳಿದಿದೆ ಎಂದರು. ದಿನವೂ ಏನು ಔಷಧಿ ತೆಗೆದುಕೊಳ್ಳುತ್ತಾರೆ ಎಂದು ಕೇಳಿದರು. ಅವನಿಗೆ ಸಕ್ಕರೆ ಕಾಯಿಲೆ ಇದೆಯೆಂಬುದೇ ನಮಗೆ ಹೊಸ ಸುದ್ದಿ.

ಆಸ್ಪತ್ರೆಗೆ ನಾವು ಹನ್ನೆರಡು ಜನ ಹಿಂಬಾಲಿಸಿದೆವು. ಕೌಂಟರಿನಲ್ಲಿದ್ದ ಮಲಯಾಳಿ ಹುಡುಗಿ ಕಂಪ್ಯೂಟರಿನಿಂದ ತಲೆಯೆತ್ತದೆ, "ಪೇಷಂಟ್ ಹೆಸರು?" ಎಂದಳು.

"ಖಡಕ್" ಎಂದೆವು ಒಕ್ಕೊರಲಿನಿಂದ.

ಅವಳು ತಲೆಯೆತ್ತಿದಳು. "ಐಡಿಯಲ್ಲಿ ಇರುವ ಹೆಸರು, ಸರ್."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಮಲ್ಲಿಕಾರ್ಜುನ ಇರಬೇಕು" ಎಂದ ಒಬ್ಬ. "ಏ, ಅದು ಅವರ ಅಣ್ಣಂದೋ! ಇವ ಬಸವರಾಜ" ಎಂದ ಇನ್ನೊಬ್ಬ. "ಬಸವರಾಜ ನಾನಲೇ!" ಎಂದ ಮೂರನೆಯವನು, ಅವಮಾನವಾದವನಂತೆ. ಅವನ ಹೆಸರು ಬಸವರಾಜ ಎಂಬುದೂ ನಮಗೆ ಆಗಲೇ ತಿಳಿದದ್ದು.

ಅಷ್ಟರಲ್ಲಿ ಒಳಗಿನಿಂದ ಬಂದ ಡಾಕ್ಟರು, ಯಾವ ಇನ್ಸುಲಿನ್, ಎಷ್ಟು, ಯಾವ ಔಷಧಿ ಒಗ್ಗುವುದಿಲ್ಲ, ಬೇಗ ಹೇಳಿ ಎಂದರು. ಖಡಕ್‌ನ ಬಗ್ಗೆ ನಮಗೆ ತಿಳಿಯದ್ದು ಏನೂ ಇರಲಿಲ್ಲ. ಗಣಿತದಲ್ಲಿ ಎಷ್ಟು ಸಲ ಡುಮ್ಕಿ ಹೊಡೆದ, ಯಾರಿಗೆ ಬರೆದ ಪತ್ರ ಯಾರ ಕೈ ಸೇರಿತು, ವಾರ್ಡನ್ನನ ಸ್ಕೂಟರು ಬಾವಿಗೆ ಬಿದ್ದಾಗ ಎಲ್ಲಿದ್ದ, ಎಲ್ಲ ಗೊತ್ತು. ಡಾಕ್ಟರು ಅವನ್ನು ಕೇಳಲಿಲ್ಲ. ಅವನ ಹೆಂಡತಿಗೆ ಫೋನು ಮಾಡೋಣವೆಂದರೆ ನಂಬರು ಅವನ ಫೋನಿನಲ್ಲಿ. ಆ ಫೋನು ತೆರೆಯಲು ಅವನ ಮುಖ ಬೇಕು. ಫೋನು ಹೊರಗಿತ್ತು, ಮುಖ ಒಳಗಿತ್ತು.

ಕೊನೆಗೆ ನನ್ನ ಹೆಂಡತಿಗೆ ಫೋನು ಮಾಡಿದೆ.

"ಖಡಕ್ ಬಿದ್ದಾನ, ಆಸ್ಪತ್ರ್ಯಾಗ ಅದೀವಿ."

"ಖಡಕ್ ಅಂದ್ರ ಯಾರ್ರಿ?"

"ಮುಂಜಾನೆ ನನ್ನ ಕಾರ್‌ನ್ಯಾಗ ಬಂದನಲ್ಲ, ಎತ್ತರಕ, ತೆಳ್ಳಗ…"

"ಅಯ್ಯ, ನಮ್ಮ ಸಾವಿತ್ರಿ ಯಜಮಾನ್ರಾ? ವಿರೂಪಾಕ್ಷಪ್ಪನವರು! ಮುಂಜಾನೆ ಇನ್ಸುಲಿನ್ ತಗೊಂಡ ಮ್ಯಾಲೆ ಹಸದು ಕೂಡಬಾರದು ಅವ್ರು. ಪೆನ್ಸಿಲಿನ್ ಕೊಡಬ್ಯಾಡಂತ ಹೇಳ್ರಿ ಮೊದಲ. ಸಾವಿತ್ರಿನ್ನ ಕರಕೊಂಡು ಈಗ ಬಂದೆ."

ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಡಾಕ್ಟರಿಗೆ ಒಪ್ಪಿಸಿದೆ. ಈ ಹೆಂಗಸರಿಬ್ಬರ ಪರಿಚಯ ಎರಡು ವರ್ಷದ್ದು. ದುಬೈನ ಸತ್ವಾ ಪೇಟೆಯ ಒಬ್ಬ ದರ್ಜಿ ಇಬ್ಬರ ಬ್ಲೌಸುಗಳನ್ನು ಅದಲುಬದಲು ಮಾಡಿ ಕೊಟ್ಟದ್ದರಿಂದ ಆದದ್ದು. ನಮ್ಮದು ಇಪ್ಪತ್ತೆರಡು ವರ್ಷದ ಸಹೋದರತ್ವ. ಲೋಕದಲ್ಲಿ ಸಹೋದರತ್ವವನ್ನು ಕಾಪಾಡುತ್ತಿರುವವರು ಆ ದರ್ಜಿಯಂಥವರೇ ಎಂಬ ಅನುಮಾನ ನನಗೆ ಅಂದಿನಿಂದ ಇದೆ.

ಮಧ್ಯಾಹ್ನದ ಹೊತ್ತಿಗೆ ವಿರೂಪಾಕ್ಷಪ್ಪ ಕಣ್ಣು ಬಿಟ್ಟು, "ಎಷ್ಟನೇ ಲಾಭ ನಡದದಲೇ?" ಎಂದ. ನಾವು ನಕ್ಕೆವು. ಸಾವಿತ್ರಿ ನಗಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನೇ ನೋಡಿ, "ಇಷ್ಟು ಮಂದಿ ಇದ್ರಿ ಅಣ್ಣಾರ, ಒಬ್ರಿಗೂ ಕಾಣಲಿಲ್ಲೇನ್ರಿ?" ಎಂದಳು. ನನಗೆ ಕಂಡಿತ್ತು. ಹಾಗೆಂದು ಹೇಳಿದೆ. ಅವಳು, ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿದೆ, ತೆಗೆದುಕೊಡಿ ಎಂದಳು. ತೆಗೆದುಕೊಟ್ಟೆ.

ಮೊನ್ನೆ ಬಳಗದ ಕಿರುಕೂಟದಲ್ಲಿ ನನ್ನ ಪಕ್ಕ ಹೊಸಬರೊಬ್ಬರು ಕೂತಿದ್ದರು. ಅಬುಧಾಬಿಗೆ ವರ್ಗವಾಗಿ ಬಂದವರು, ತಲೆ ಬೋಳಾಗಿದೆ, ಮಗಳು ಮದುವೆಗೆ ಬಂದಿದ್ದಾಳೆ. ಹೆಸರು ಕೇಳಿದೆ.

"ನಾನ್ರಿ… ಚುರಮುರಿ."

"ಅದಲ್ರಿ. ಮನ್ಯಾಗಿಂದು."

ಅವರು ಬೆಚ್ಚಿ, ಹಿಂದೆ ಸೀನಿಯರ್‌ಗಳು ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು, ನನ್ನ ಕಿವಿಯಲ್ಲಿ ಗುರುಮಂತ್ರ ಉಪದೇಶಿಸುವವರಂತೆ, ತಮ್ಮ ತಾಯಿ ಇಟ್ಟ ಹೆಸರನ್ನು ಹೇಳಿದರು.